ಹೈಫಾದಿಂದ ಅಮ್ಮನಿಗೆ

ಪ್ರೀತಿಯ ಅಮ್ಮ,

ನಿನ್ನ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ. ನಾನು ನೋಡಿಕೊಳ್ಳುವ ಅಜ್ಜಿಯೂ ಈಗ ಕೋಲು ಹಿಡಿದು ಓಡಾಡುತ್ತಾರೆ.

ಮೊನ್ನೆ ರಜೆ ಇತ್ತು. ಜಾಫಾ ರಸ್ತೆಯಲ್ಲಿರುವ ಭಾರತೀಯ ಸೈನಿಕರ ಸ್ಮಶಾನಕ್ಕೆ ಹೋಗಿ ಬಂದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಇಲ್ಲಿ ಹೋರಾಡಿದವರಲ್ಲಿ ನಮ್ಮ ಮೈಸೂರಿನವರೂ ಇದ್ದರು, ಗೊತ್ತಾ? ನಾಲ್ವಡಿ ಕೃಷ್ಣರಾಜ ಒಡೆಯರ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್. 1914ರಲ್ಲಿ ಹೊರಟವರು ಮೊದಲು ಸೂಯೆಜ್ ಕಾಲುವೆ ಕಾದರು, ಆಮೇಲೆ ಪ್ಯಾಲೆಸ್ತೀನಿಗೆ ಬಂದರು.

ಆಗ ಈ ಊರು ತುರ್ಕರ ಕೈಯಲ್ಲಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ನಡುವೆ ಇಕ್ಕಟ್ಟಾದ ದಾರಿ. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದ ರಾವುತರು ಕೆಳಗಿನಿಂದ ನುಗ್ಗಿದರು. ಮೆಷಿನ್ ಗನ್ ಎದುರಿಗೆ ಭರ್ಜಿ ಹಿಡಿದು! ಹೊಳೆ ದಂಡೆಯ ಉಸುಬಿನಲ್ಲಿ ಕುದುರೆಗಳು ಹೂತುಕೊಂಡವಂತೆ. ಮೈಸೂರಿನ ಒಂದು ತುಕಡಿಗೆ ಬೆಟ್ಟ ಹತ್ತಿ ಫಿರಂಗಿ ಹಿಡಿಯುವ ಕೆಲಸ. ನಾನು ಬಸ್ಸಿನಲ್ಲಿ ಹತ್ತುವ ಬೆಟ್ಟವೇ ಅದು. ಬಸ್ಸೇ ಏದುಸಿರು ಬಿಡುತ್ತದೆ, ಇನ್ನು ಆ ಕುದುರೆಗಳ ಪಾಡು! ಅದೇ ದಿನ ಊರು ಕೈಗೆ ಬಂತು, 1,350 ಜನ ಸೆರೆ ಸಿಕ್ಕರು. ನಮ್ಮ ಕಡೆ 8 ಜನ ಸತ್ತರು, 60 ಕುದುರೆಗಳೂ ಹೋದವು.

ಜೋಧ್‌ಪುರದ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ಅವರನ್ನು ಹೈಫಾದ ಹೀರೋ ಅಂತಾರೆ, ಅದು ಸರಿಯೇ. ಆದರೆ ಬೆಟ್ಟ ಹತ್ತಿದ ನಮ್ಮವರ ಹೆಸರು ಕೇಳಿದರೆ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ದೆಹಲಿಯ ತೀನ್ ಮೂರ್ತಿ, ಅದೇ ಆ ಮೂರು ಸೈನಿಕರ ಪ್ರತಿಮೆ, ಟಿವಿಯಲ್ಲಿ ಎಷ್ಟು ಸಲ ನೋಡಿಲ್ಲ ನಾವು! ಆ ಮೂರರಲ್ಲಿ ಒಂದು ಮೈಸೂರಿನವರದು. ಉಳಿದೆರಡು ಜೋಧ್‌ಪುರ, ಹೈದರಾಬಾದಿನವರದು. ಶಾಲೆಯಲ್ಲಿ ಪಾಣಿಪತ್ ಯುದ್ಧದ ಇಸವಿ ಬಾಯಿಪಾಠ ಮಾಡಿದ ನನಗೆ ಇದನ್ನು ತಿಳಿಯಲು ಇಸ್ರೇಲಿಗೇ ಬರಬೇಕಾಯಿತು. ಸ್ವಲ್ಪ ಸಿಟ್ಟೂ ಬಂತು, ನಿಜ ಹೇಳಬೇಕೆಂದರೆ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ಲ್ಯಾನ್ಸರ್ಸ್‌ನವರ ಸ್ಮಾರಕ ಇದೆ. ತಮ್ಮ ಭಾನುವಾರ ಸುಮ್ನೆ ಮಲಗಿರುತ್ತಾನೆ ಅಲ್ವಾ? ಒಮ್ಮೆ ಹೋಗಿ ಬರಲು ಹೇಳು. ಕಲ್ಲಿನ ಮೇಲೆ ಬರೆದಿರುವುದೆಲ್ಲ ಓದಲು ಬರುವಂತೆ ಹತ್ತಿರದಿಂದ ಫೋಟೋ ತೆಗೆದು ಕಳಿಸಲಿ. ಸೆಲ್ಫಿ ಬೇಡ.

ಈ ತಿಂಗಳ ದುಡ್ಡು ಹಾಕಿದ್ದೇನೆ. ಮಂಡಿಗೆ ಒಳ್ಳೆ ಡಾಕ್ಟರಿಗೆ ತೋರಿಸು, ಮುಂದೂಡಬೇಡ.

ನಿನ್ನ ಮಗಳು