ಎರಡನೇ ಬಾಕ್ಸ್

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಓಡುತ್ತಿದೆ. "ಎರಡು ಬಾಕ್ಸ್ ಮ್ಯಾಜಿಕ್ ಕಾರ್ಡು ತಗೊಂಡೆ ಅಮ್ಮ. ಒಂದು ಒಡೆಯೋಕೆ, ಒಂದು ಹಾಗೇ ಇಡೋಕೆ. ಹತ್ತು ವರ್ಷಕ್ಕೆ ರೇಟು ಏರುತ್ತೆ." ನಾನು ಆಗ ಸುಮ್ಮನಿದ್ದೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು. ಇಸ್ಪೀಟಿಗೆ ಇಷ್ಟು ದುಡ್ಡಾ ಅಂತ ಶುರು ಮಾಡಿದರೆ ಊಟದವರೆಗೂ ನಿಲ್ಲಿಸುವವರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನಿಗೆ ಇದೆಲ್ಲ ಏನು ಗೊತ್ತು ಅನ್ನಬೇಡ. 2018ರಲ್ಲಿ ನಾನು ಅಮೆರಿಕದ ಬೆಲ್‌ವ್ಯೂಗೆ ಬಂದು ನಿನ್ನ ಜೊತೆ ಐದು ತಿಂಗಳು ಇದ್ದೆನಲ್ಲ, ಆಗ ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಈ ಕಾರ್ಡಾಟದ ಹುಚ್ಚು ನಿನಗೆ ಜೋರಾಗಿತ್ತು. ಈ ಆಟ ಕಟ್ಟಿದ ರಿಚರ್ಡ್ ಗಾರ್‌ಫೀಲ್ಡ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು, ನಿನ್ನ ಥರಾನೇ ಕಾಲೇಜಿನಲ್ಲಿ ಪಾಠ ಹೇಳಿದವರು ಅಂತ ನೀನು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. 1993ರಲ್ಲಿ ಬಂದ ಆಟ. ಕಾರ್ಡಿನ ಪೊಟ್ಟಣದೊಳಗೆ ಏನಿದೆ ಅಂತ ಗೊತ್ತಿಲ್ಲದೆ ಕೊಳ್ಳಬೇಕು. ಸಂಭವನೀಯತೆಯ ಪಾಠವನ್ನೇ ಹಾಳೆಗೆ ಸುತ್ತಿ ಮಾರಿದ ಹಾಗೆ!

ಡೊಮಿನೇರಿಯಾ ಅಂತ ಆಗ ಹೊಸದಾಗಿ ಬಂದಿದ್ದ ಕಾರ್ಡುಗಳ ಸೆಟ್ಟು, ಅದರ ಬಾಕ್ಸ್ ನೆನಪಿದೆಯಾ? ಊಟದ ಟೇಬಲ್ ಮೇಲೆ 36 ಪ್ಯಾಕ್ ಸುರಿದುಕೊಂಡು ಕೂತೆವು. ನೀನು ಹರಿಯುವುದು, ನಾನು ಕ್ಯಾಲೆಂಡರಿನ ಹಿಂದೆ ಗೆರೆ ಹಾಕುವುದು. ಒಂದು ಪ್ಯಾಕಿನಲ್ಲಿ 15 ಕಾರ್ಡು. ಹತ್ತು ಕಾಮನ್, ಮೂರು ಅನ್‌ಕಾಮನ್, ಬೇರೆ ಕಾರ್ಡು ಆಡುವುದಕ್ಕೆ ಶಕ್ತಿ ಕೊಡುವ ಲ್ಯಾಂಡ್ ಒಂದು, ಉಳಿದ ಒಂದೇ ಒಂದು ರೇರ್. ಆ ರೇರ್ ಜಾಗದಲ್ಲಿ ಸುಮಾರು ಎಂಟು ಪ್ಯಾಕಿಗೊಮ್ಮೆ ಇನ್ನೂ ಅಪರೂಪದ ಮಿಥಿಕ್ ಬರುತ್ತಿತ್ತು. ನಿನಗೆ ಬೇಕಾಗಿದ್ದು ಟೆಫೆರಿ ಅನ್ನುವ ಮಿಥಿಕ್ ಕಾರ್ಡು. ಐದು ಮಿಥಿಕ್ ಬಂದವು, ಟೆಫೆರಿ ಬರಲಿಲ್ಲ. ಕೊನೇ ಪ್ಯಾಕ್ ಹರಿದಾಗ ನಿನ್ನ ಮುಖ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನದ ಹಾಗಿತ್ತು.

ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಆ ಸೆಟ್ಟಿನಲ್ಲಿ 53 ರೇರ್, 15 ಮಿಥಿಕ್. ಅಚ್ಚಿನ ಹಾಳೆಯಲ್ಲಿ ಪ್ರತಿ ರೇರ್ ಎರಡು ಸಲ, ಪ್ರತಿ ಮಿಥಿಕ್ ಒಂದು ಸಲ ಅಂತ ಹಿಡಿದರೆ ಒಟ್ಟು 121. ಅಂದರೆ ಒಂದು ಪ್ಯಾಕಿನಲ್ಲಿ ಟೆಫೆರಿ ಇರುವ ಸಾಧ್ಯತೆ 121ರಲ್ಲಿ ಒಂದು. ಇಡೀ ಬಾಕ್ಸ್ ಒಡೆದರೂ ಸಿಗುವ ಸಾಧ್ಯತೆ ನೂರಕ್ಕೆ 26. ಮೂರು ಬಾಕ್ಸ್ ಒಡೆದರೆ 59. ಮೂರು ಬಾಕ್ಸಿನ ದುಡ್ಡಿಗೆ ಅಂಗಡಿಯ ಗಾಜಿನ ಕೆಳಗೆ ಬಿಡಿಯಾಗಿ ಇಟ್ಟಿದ್ದ ಅದೇ ಟೆಫೆರಿಯನ್ನು ನಾಲ್ಕಾರು ಕೊಳ್ಳಬಹುದಿತ್ತು. ಬೆಳಿಗ್ಗೆ ಕಾಫಿ ಜೊತೆ ಇದನ್ನು ತೋರಿಸಿದರೆ ನೀನು, "ಗೊತ್ತು ಬಿಡಮ್ಮ, ಹರಿಯೋದರಲ್ಲೇ ಮಜಾ" ಅಂದೆ. ಸರಿ, ಮಜಾಕ್ಕೆ ಅಂತ ದುಡ್ಡು ಕೊಟ್ಟರೆ ನನ್ನದೇನೂ ತಕರಾರಿಲ್ಲ. ಕಾರ್ಡು ಬೇಕಿದ್ದರೆ ಬಿಡಿ ಕಾರ್ಡು ಕೊಂಡುಕೊ, ಅಷ್ಟೇ.

ಆಮೇಲೆ ನೀನು ಆನ್‌ಲೈನಿನಲ್ಲಿ ಯಾರೋ ಒಬ್ಬರಿಂದ ಅಗ್ಗಕ್ಕೆ ಹನ್ನೆರಡು ಬಿಡಿ ಪ್ಯಾಕ್ ತರಿಸಿದ್ದೆ. ಹಿಂಭಾಗದ ಅಂಟಿನ ಗೆರೆ ಸೊಟ್ಟಗಿದೆ ಅಂತ ನಾನೇ ಅಲ್ವಾ ಮೊದಲು ನೋಡಿದ್ದು? ಮೂವತ್ತು ವರ್ಷ ಉತ್ತರಪತ್ರಿಕೆಯ ಲಕೋಟೆ ಒಡೆದವಳು ನಾನು. ಬಿಚ್ಚಿ, ಒಳ್ಳೆಯದನ್ನು ತೆಗೆದುಕೊಂಡು, ಮತ್ತೆ ಅಂಟಿಸಿದ್ದ ಪ್ಯಾಕ್‌ಗಳು. ಅಂಟಿಸಿರದಿದ್ದರೂ ಬಿಡಿ ಪ್ಯಾಕ್ ಮೇಲೆ ನನಗೆ ಅನುಮಾನವೇ. ಒಂದು ಬಾಕ್ಸಿನಲ್ಲಿ ಮಿಥಿಕ್ ಎಷ್ಟು ಬರುತ್ತದೆ ಅನ್ನುವ ಅಂದಾಜು ಎಲ್ಲರಿಗೂ ಇದೆ. ಅಷ್ಟು ಸಿಗುವವರೆಗೆ ಒಡೆದು, ಉಳಿದದ್ದನ್ನು ಮಾರುವವರು ಇದ್ದೇ ಇರುತ್ತಾರೆ. ಬಾಕ್ಸಿಗಾದರೆ ಕಂಪನಿಯ ಗುರುತು ಅಚ್ಚಾಗಿರುವ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದನ್ನು ನೋಡಿ, ಮುಖ ಗೊತ್ತಿರುವ ಅಂಗಡಿಯಲ್ಲೇ ತಗೋ. ಹತ್ತು ಡಾಲರ್ ಜಾಸ್ತಿಯಾದರೆ ಆಗಲಿ.

ಈಗ ಆ ಎರಡನೇ ಬಾಕ್ಸಿನ ವಿಷಯ.

ಏರಿದ್ದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೊಟ್ಟಮೊದಲ ಆಲ್ಫಾ ಸೆಟ್ಟಿನ ಒಂದು ಬ್ಲ್ಯಾಕ್ ಲೋಟಸ್ ಕಾರ್ಡು 2024ರಲ್ಲಿ 30 ಲಕ್ಷ ಡಾಲರಿಗೆ ಹೋಯಿತು ಅಂತ ಲಿಂಕ್ ಕಳಿಸಿದವಳು ನೀನೇ. ಆದರೆ ಆಲ್ಫಾ ಬಂದಾಗ ಅದನ್ನು ಮುಂದೆ ಮಾರೋಣ ಅಂತ ಎತ್ತಿಟ್ಟವರು ಎಷ್ಟು ಜನ? ಬಹಳಷ್ಟು ಜನ ರಬ್ಬರ್ ಬ್ಯಾಂಡ್ ಹಾಕಿ, ಜೇಬಿನಲ್ಲಿಟ್ಟು, ಮೂಲೆ ಸವೆಯುವ ಹಾಗೆ ಆಡಿದರು. ಅದಕ್ಕೇ ಸವೆಯದೆ ಉಳಿದದ್ದಕ್ಕೆ ಆ ಬೆಲೆ. ಎಲ್ಲರೂ ಇಡೋಕೆ ಶುರು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಆಟದಲ್ಲೇ ಕಥೆ ಇದೆಯಲ್ಲ. 1994ರ ಫಾಲನ್ ಎಂಪೈರ್ಸ್ ಸೆಟ್ಟು. ಹಿಂದಿನ ಸೆಟ್‌ಗಳು ಸಾಕಾಗಲಿಲ್ಲ ಅಂತ ಅಂಗಡಿಯವರು ರಾಶಿರಾಶಿ ಕೇಳಿದರು, ಕಂಪನಿಯೂ ರಾಶಿರಾಶಿ ಅಚ್ಚು ಹಾಕಿತು. ವರ್ಷಗಟ್ಟಲೆ ಅಗ್ಗಕ್ಕೆ ಬಿದ್ದಿತ್ತು. ಮರುವರ್ಷ ಕ್ರಾನಿಕಲ್ಸ್ ಅಂತ ಹಳೇ ಕಾರ್ಡುಗಳನ್ನೇ ಮತ್ತೆ ಅಚ್ಚು ಹಾಕಿದಾಗ ಕೂಡಿಟ್ಟವರು ಗಲಾಟೆ ಮಾಡಿ, ಇಂತಿಂಥ ಕಾರ್ಡು ಮತ್ತೆ ಅಚ್ಚು ಹಾಕುವುದಿಲ್ಲ ಅಂತ 1996ರಲ್ಲಿ ಕಂಪನಿ ಪಟ್ಟಿಯನ್ನೇ ಕೊಡಬೇಕಾಯಿತು. ನಿನ್ನ ಹೊಸ ಬಾಕ್ಸಿನ ಕಾರ್ಡು ಆ ಪಟ್ಟಿಯಲ್ಲಿ ಇಲ್ಲ. ಎಷ್ಟು ಅಚ್ಚು ಹಾಕಬೇಕು ಅನ್ನುವುದು ಅವರ ಕೈಯಲ್ಲಿ. ಅಂಥದ್ದಕ್ಕೆ ಉಳಿತಾಯ ಅಂತ ಹೆಸರಿಡಬೇಡ ಮಗಳೇ.

ಇನ್ನೊಂದು ಹೇಳಿದರೆ ನಗುತ್ತೀಯ. ನನ್ನ ಮದುವೆಯ ಜರಿ ಸೀರೆಯನ್ನು ಜೋಪಾನ ಅಂತ ಉಡದೆ ಬೀರುವಿನಲ್ಲಿಟ್ಟಿದ್ದೆ. ಕಳೆದ ದಸರಾಕ್ಕೆ ತೆಗೆದರೆ ಮಡಿಕೆಯಲ್ಲೇ ಸೀಳಿತ್ತು.

ಅಲ್ಲಿದ್ದ ಐದು ತಿಂಗಳಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಶುಕ್ರವಾರದ ಡ್ರಾಫ್ಟ್, ಅಂದರೆ ಅಲ್ಲೇ ಪ್ಯಾಕ್ ಒಡೆದು, ಕಾರ್ಡು ಆರಿಸಿಕೊಂಡು, ಅದರಲ್ಲೇ ಆಡುವ ಆಟ. ಒಂದು ಮೇಜಿಗೆ ಎಂಟು ಜನ, ಒಬ್ಬೊಬ್ಬರಿಗೆ ಮೂರು ಪ್ಯಾಕ್. ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವರಿಗೆ ದಾಟಿಸುವುದು, ಎರಡನೇ ಪ್ಯಾಕ್ ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಬಾಕ್ಸ್ ಒಡೆದಾಗ ಮೂಲೆಗೆ ಬಿಸಾಕುತ್ತಿದ್ದ ಕಾಮನ್ ಕಾರ್ಡಿಗೆ ಅಲ್ಲಿ ಎಂಥ ಬೇಡಿಕೆ! ಒಂದು ವಾರ ನನ್ನನ್ನೂ ಕೂರಿಸಿದೆ. 40 ಕಾರ್ಡಿನ ಡೆಕ್ ಕಟ್ಟಿ ಮೂರೂ ಸುತ್ತು ಸೋತೆ. ಎದುರಿಗಿದ್ದ ಹುಡುಗ ಗೆದ್ದ ಮೇಲೆ ಪಾಪ, ನಾನು ಎಲ್ಲಿ ತಪ್ಪಿದೆ ಅಂತ ಕಾರ್ಡು ಹರಡಿ ಹೇಳಿಕೊಟ್ಟ. ನಾನು ಚಕ್ಕುಲಿ ಕೊಟ್ಟೆ.

ಅದಕ್ಕೇ ಹೇಳುತ್ತಿದ್ದೇನೆ, ಡಿಸೆಂಬರಿಗೆ ಬರುವಾಗ ಆ ಎರಡನೇ ಬಾಕ್ಸನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಾ. ಈಗ ಪ್ಯಾಕಿಗೆ 14 ಕಾರ್ಡು ಅಂತೆ, ಪರವಾಗಿಲ್ಲ. ನಿನ್ನ ಚಿಕ್ಕಮ್ಮನ ಮಕ್ಕಳು, ಸೋದರಮಾವನ ಮನೆಯವರು, ಪಕ್ಕದ ಮನೆಯ ಅವಳಿ ಹುಡುಗರು, ನೀನು, ನಾನು. ಎಣಿಸಿದರೆ ಒಂಬತ್ತು ಜನ ಆಗುತ್ತೇವೆ. ನಿಮ್ಮಪ್ಪ ರಮ್ಮಿ ಬಿಟ್ಟು ಬೇರೆ ಆಡುವುದಿಲ್ಲ ಅನ್ನುತ್ತಿದ್ದಾರೆ, ಅವರ ಜಾಗ ಹಾಗೇ ಇಟ್ಟಿರುತ್ತೇನೆ. ಡ್ರಾಫ್ಟಿಗೆ ಲ್ಯಾಂಡ್ ಕಾರ್ಡು ಜಾಸ್ತಿ ಬೇಕಾಗುತ್ತದೆ, ಶೂ ಡಬ್ಬಿಯಲ್ಲಿ ತುಂಬಿಟ್ಟಿದ್ದೀಯಲ್ಲ, ಅದನ್ನು ಮರೆಯಬೇಡ.

ನಿನ್ನ
ಅಮ್ಮ