ಕಾರ್ಟ್ ಸೀಟಿನಿಂದ ಎಂಜಿನ್ ಶೆಡ್‌ವರೆಗೆ ಕೈ ಹಿಡಿದವರಿಗೆ

ಈ ಸಲದ ರೇಸ್ ಸೀಸನ್ ಮುಗಿಯಿತು. ನಮ್ಮ ಶೆಡ್‌ನಲ್ಲಿ ಕಟ್ಟಿದ ಎಂಜಿನ್‌ಗಳೆಲ್ಲ ಕೊನೆಯ ರೇಸ್‌ವರೆಗೂ ಓಡಿದವು. ಒಂದೂ ಸೀಜ್ ಆಗಲಿಲ್ಲ, ಅಂದರೆ ಪಿಸ್ಟನ್ ಹಿಡಿದುಕೊಂಡು ನಿಲ್ಲಲಿಲ್ಲ. ಸ್ವಂತ ಶೆಡ್ ಹಾಕಿದ ಮೇಲೆ ಇದೇ ಮೊದಲ ಸೀಸನ್. ತಾಳವಾಡಿ ಕಡೆಯ ರೈತರ ಮನೆಯಿಂದ ಬಂದ ನನಗೆ ಇದು ತುಂಬಾ ದೊಡ್ಡದು. "ಎಲ್ಲರಿಗೂ ಥ್ಯಾಂಕ್ಸ್" ಅಂತ ಒಂದೇ ಸಾಲಿನಲ್ಲಿ ಮುಗಿಸೋಕೆ ಮನಸ್ಸು ಬರಲಿಲ್ಲ.

ಮೊದಲು, ನಮ್ಮೂರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಮಾವನಿಗೆ. ಡೀಸೆಲ್ ಎಂಜಿನ್ ಬಿಚ್ಚುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಬೋಲ್ಟು, ವಾಷರ್ ಎಲ್ಲ ಬಿಚ್ಚಿದ ಸಾಲಿನಲ್ಲೇ ಗೋಣಿಚೀಲದ ಮೇಲೆ ಇಡಬೇಕಿತ್ತು. ನನ್ನ ಟೇಬಲ್ ಮೇಲೆ ಈಗಲೂ ಅದೇ ಪದ್ಧತಿ.

ಓದೋಕೆ ಅಂತ ದಿಂಬಂ ಘಾಟಿಯ 27 ತಿರುವು ಇಳಿದು ಕೊಯಮತ್ತೂರಿಗೆ ಹೋದೆ. ಅಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ನೋಡಿದೆ. 2003ರಲ್ಲಿ ಶುರುವಾದ ಟ್ರ್ಯಾಕ್ ಅದು, ಕರಿವರ್ಧನ್ ಅವರ ಹೆಸರಿನದು. ಮಾರುತಿ 800ರ ಎಂಜಿನ್ ಹಾಕಿ, ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿದವರು ಅವರು. 1995ರಲ್ಲೇ ತೀರಿಹೋದರು. ನಾನು ಅವರನ್ನು ನೋಡಿಲ್ಲ. ಆದರೂ ನಮ್ಮಂಥವರೆಲ್ಲ ಅವರಿಗೆ ಋಣಿಗಳೇ. ರೇಸ್ ಕಾರು ಇಲ್ಲೇ, ನಮ್ಮ ಕೈಯಲ್ಲೇ ಆಗುತ್ತದೆ ಅನ್ನೋ ಧೈರ್ಯ ಆ ಊರಿಗೆ ಸಿಕ್ಕಿದ್ದು ಅವರಿಂದ.

ಕಾರ್ಟ್, ಅಂದರೆ ರೇಸಿನ ಪುಟ್ಟ ತೆರೆದ ಗಾಡಿ, ಓಡಿಸೋದು ಕಲಿಸಿದ ಅಣ್ಣನಿಗೆ ಹೇಗೆ ಧನ್ಯವಾದ ಹೇಳಲಿ? ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ಲೂ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ತಿರುವಿನಲ್ಲಿ ಒಳಬದಿಯ ಹಿಂದಿನ ಚಕ್ರ ಚೂರು ಮೇಲೇಳಬೇಕು. ಏಳದಿದ್ದರೆ ಗಾಡಿ ತಿರುಗೋಕೆ ಒದ್ದಾಡುತ್ತದೆ, ಎಂಜಿನ್ನಿನ ವೇಗವೂ ಬೀಳುತ್ತದೆ. ಅದನ್ನು ಬೋರ್ಡ್ ಮೇಲೆ ಬರೆದು ತೋರಿಸಲಿಲ್ಲ, ಸೀಟಿನಲ್ಲಿ ಕೂರಿಸಿ ಸೊಂಟಕ್ಕೇ ತಿಳಿಸಿದರು. ಟೈರಿಗೆ ದುಡ್ಡು ಹೊಂದಿಸಲಾಗದೆ ರೇಸ್ ಬಿಟ್ಟಾಗ, ಮನೆಗೆ ಹೋಗೋಕೆ ಬಿಡಲಿಲ್ಲ. "ನಿನ್ನ ಕಿವಿ ಚೆನ್ನಾಗಿದೆ, ಕಾರ್ಬುರೇಟರ್ ನೋಡಿಕೋ" ಅಂದರು. ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ ಅದು. ಓಡಿಸಿದ್ದ ಅನುಭವ ಅಲ್ಲಿ ಕೈ ಹಿಡಿಯಿತು. ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆಗೇ ಆಯಿಲ್ ಹೋಗಬೇಕು. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಉದ್ದದ ನೇರ ದಾರಿಯ ಕೊನೆಯಲ್ಲಿ ಸದ್ದು ಬದಲಾಗೋದು ಓಡಿಸಿದವರಿಗೆ ಬೇಗ ಗೊತ್ತಾಗುತ್ತದೆ.

ಆಮೇಲೆ ನಾನು ಸೇರಿದ್ದ ತಂಡವೊಂದು ಇದ್ದಕ್ಕಿದ್ದಂತೆ ಮುಚ್ಚಿತು. ಬಾಕಿ ಸಂಬಳ ಬರಲೇ ಇಲ್ಲ. ಅದರ ಬಗ್ಗೆ ಜಾಸ್ತಿ ಬರೆಯೋದಿಲ್ಲ.

ಆಗ ಕೆಲಸ ಕೊಟ್ಟವರು ಕೊಯಮತ್ತೂರಿನ ಗಣಪತಿ ಏರಿಯಾದ ಲೇತ್ ವರ್ಕ್‌ಶಾಪಿನ ಯಜಮಾನರು. ನನ್ನನ್ನು ಎಂಜಿನ್ ಕಟ್ಟುವವನನ್ನಾಗಿ ಮಾಡಿದ್ದು ಅವರೇ. ಅವರು ತಮಿಳು, ನಾನು ಕನ್ನಡ, ಇಬ್ಬರ ನಡುವೆ ಮೈಕ್ರೋಮೀಟರ್, ಅಂದರೆ ಕೂದಲೆಳೆಯ ದಪ್ಪವನ್ನೂ ಅಳೆಯುವ ಸಾಧನ. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಪ್ರತಿ ಕಡೆಯೂ ಬೋರ್, ಅಂದರೆ ಸಿಲಿಂಡರಿನ ಒಳತೂತು, ಅಳೆಯುವ ಗೇಜನ್ನು ಅಡ್ಡ ತಿರುಗಿಸಿ ಮತ್ತೆ ಅಳೆಯಬೇಕು. ಬೋರ್ ದುಂಡಗಿದೆಯಾ, ಸವೆದು ಮೊಟ್ಟೆಯಾಕಾರ ಆಗಿದೆಯಾ ಅನ್ನೋದು ಆಗಲೇ ತಿಳಿಯೋದು. ಮಧ್ಯಾಹ್ನದ ಬಿಸಿಲಲ್ಲಿ ಅಳತೆ ತೆಗೆಯೋಕೆ ಬಿಡುತ್ತಿರಲಿಲ್ಲ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ ಅಲ್ವಾ? ಪಿಸ್ಟನ್, ಸಿಲಿಂಡರ್, ಗೇಜ್ ಮೂರನ್ನೂ ರಾತ್ರಿಯೆಲ್ಲ ಒಂದೇ ಮೇಜಿನ ಮೇಲಿಟ್ಟು ಬೆಳಗ್ಗೆ ಅಳೆಯಬೇಕು. ಗಿರಾಕಿ ಬಾಗಿಲಲ್ಲಿ ನಿಂತು ಅವಸರ ಮಾಡಿದರೂ ಅಷ್ಟೇ. ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನ ಮುಚ್ಚಳವಾದ ಹೆಡ್‌ಗೂ ಅದಕ್ಕೂ ಉಳಿಯುವ ಸಂದನ್ನು ಸೀಸದ ಬೆಸುಗೆ ತಂತಿ ಇಟ್ಟು ಅಳೆಯೋದೂ ಅವರಿಂದಲೇ ಕಲಿತೆ. ಪ್ಲಗ್ ತೂತಿನಿಂದ ತಂತಿ ತೂರಿಸಿ, ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿದರೆ ಅದರ ತುದಿ ಚಪ್ಪಟೆಯಾಗುತ್ತದೆ. ಆ ದಪ್ಪವೇ ಲೆಕ್ಕ. ಅಯ್ಯಾ, ಈ ಸೀಸನ್ ನಿಮ್ಮದು.

ನನ್ನ ಶೆಡ್ ಹೊಸದು ಅಂತ ಗೊತ್ತಿದ್ದೂ ತಮ್ಮ ಎಂಜಿನ್ ತಂದುಕೊಟ್ಟ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ ವಂದನೆ.

ಕೊನೆಗೆ ಅಕ್ಕ. ಸ್ವಂತ ಬೋರ್ ಗೇಜ್ ಇಲ್ಲದೆ ಶೆಡ್ ಹಾಕೋಕೆ ಆಗಲ್ಲ ಅಂತ ನಾನು ಸುಮ್ನೆ ಕೂತಿದ್ದಾಗ, ಚೆಂಡು ಹೂವಿನ ಬೆಳೆಯ ದುಡ್ಡು ತಂದು ಕೈಗಿಟ್ಟಳು. ಅದು ಏನು ಸಾಮಾನು ಅಂತಲೂ ಕೇಳಲಿಲ್ಲ. ಅಕ್ಕಾ, ದೀಪಾವಳಿಗೆ ಬರುವಾಗ ಆ ದುಡ್ಡು ತರುತ್ತೇನೆ. ಗೇಜನ್ನೂ ತರುತ್ತೇನೆ, ನೋಡುವೆಯಂತೆ. ಬೇಡ ಅನ್ನಬೇಡ.