ಮಕ್ಕಳ ಕೀಲುವಾತಕ್ಕೆ ಹಳೆ ಚೀಟಿ, ಹಳೆ ತೂಕ, ಅದೇ ಗುಳಿಗೆ

ಮಾನ್ಯ ಸಂಪಾದಕರೇ,

ಕೀಲುವಾತವೆಂದರೆ ಮುದುಕರ ಕಾಯಿಲೆ ಎಂಬ ನಂಬಿಕೆ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಇನ್ನೂ ಗಟ್ಟಿಯಾಗಿದೆ. ಎರಡು ವರ್ಷದ ಕೂಸಿಗೂ ಅದು ಬರುತ್ತದೆ. ಹದಿನಾರು ತುಂಬುವ ಮೊದಲೇ ಶುರುವಾಗಿ, ಬೇರೆ ಕಾರಣ ಸಿಗದೆ, ಆರು ವಾರ ಕಳೆದರೂ ಕೀಲಿನ ಬಾವು ಇಳಿಯದಿದ್ದರೆ ವೈದ್ಯರು ಅದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಬರೆಯುವುದು ಇಬುಪ್ರೊಫೇನ್ ಅಥವಾ ನ್ಯಾಪ್ರೊಕ್ಸೆನ್. ಇವು ಉರಿಯೂತ ತಗ್ಗಿಸುವ ಔಷಧಗಳು. ಜನರ ಬಾಯಲ್ಲಿ ಬರೀ 'ನೋವಿನ ಗುಳಿಗೆ'.

ಈ ಗುಳಿಗೆಯ ವಿಷಯದಲ್ಲಿ ಎರಡು ತಪ್ಪು ನಡೆಯುತ್ತಿವೆ. 'ಕಿಡ್ನಿ ಹೋಗ್ತದ' ಎಂದು ಯಾರೋ ಹೇಳಿದ್ದಕ್ಕೆ ಹೆದರಿ ಕೆಲವರು ಹತ್ತೇ ದಿನಕ್ಕೆ ನಿಲ್ಲಿಸುತ್ತಾರೆ. ಉರಿಯೂತ ಇಳಿಯಿತೋ ಇಲ್ಲವೋ ಎಂದು ಹೇಳಲು ನಾಲ್ಕರಿಂದ ಎಂಟು ವಾರ ಬೇಕು, ಹತ್ತು ದಿನದಲ್ಲಿ ಏನೂ ಗೊತ್ತಾಗುವುದಿಲ್ಲ. ಎರಡನೆಯದು ಇದಕ್ಕೆ ಪೂರಾ ತದ್ವಿರುದ್ಧ. 'ಮೊದಲಿನ ಚೀಟೀದ ಗುಳಗೀನ ಕೊಡ್ರಿ' ಎಂದು ಮೆಡಿಕಲ್ ಅಂಗಡಿಯಲ್ಲಿ ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ಒಯ್ಯುವುದು. ಸರಿಯಾದ ಅಳತೆಯಲ್ಲಿ, ಪರೀಕ್ಷೆ ತಪ್ಪಿಸದೆ ಕೊಟ್ಟರೆ ಹೆಚ್ಚಿನ ಮಕ್ಕಳು ಈ ಔಷಧ ತಡೆದುಕೊಳ್ಳುತ್ತಾರೆ. ದೊಡ್ಡವರಿಗೆ ಆಗುವಂತೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುವುದು ಮಕ್ಕಳಲ್ಲಿ ಕಡಿಮೆ. ಅಪಾಯವಿರುವುದು ಹಳೆ ಚೀಟಿಯಲ್ಲಿ.

ಮಕ್ಕಳಿಗೆ ಅಳತೆ ನಿಲ್ಲುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ನ್ಯಾಪ್ರೊಕ್ಸೆನ್ ಸಾಮಾನ್ಯವಾಗಿ ಕೆ.ಜಿ.ಗೆ ದಿನಕ್ಕೆ 10ರಿಂದ 15 ಮಿ.ಗ್ರಾಂ, ಎರಡು ಹೊತ್ತಿಗೆ ಹಂಚಿ. 20 ಕೆ.ಜಿ. ಮಗುವಿಗೆ 250 ಮಿ.ಗ್ರಾಂ ಗುಳಿಗೆಯಲ್ಲಿ ಅರ್ಧ ಬೆಳಿಗ್ಗೆ, ಅರ್ಧ ರಾತ್ರಿ ಸಾಕು. ಹೊಟ್ಟೆಯಲ್ಲಿ ಕರಗದಂತೆ ಮೇಲೆ ಲೇಪ ಹಚ್ಚಿದ ಗುಳಿಗೆಯಾದರೆ ಮುರಿಯಬಾರದು, ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳಬೇಕು. ಅದೇ ಮಗು ಮೂರು ವರ್ಷದ ನಂತರ 27 ಕೆ.ಜಿ. ಆಗಿದ್ದರೂ ಚೀಟಿಯಲ್ಲಿ ಅದೇ ಅರ್ಧ ಗುಳಿಗೆ ಇರುತ್ತದೆ. ಸಾಲದ ಅಳತೆಗೆ ನೋವು ಪೂರ್ತಿ ಇಳಿಯುವುದಿಲ್ಲ. ಆಗ ಮನೆಯವರು ಇನ್ನೊಂದು ನೋವಿನ ಔಷಧ ಸೇರಿಸುತ್ತಾರೆ, ಇಲ್ಲವೇ ಊರಿನಲ್ಲಿ ಒಂದು ಸೂಜಿ ಹಾಕಿಸುತ್ತಾರೆ. ಆ ಸೂಜಿ ಬಹುಪಾಲು ಡೈಕ್ಲೊಫೆನಾಕ್. ಒಂದೇ ಜಾತಿಯ ಎರಡು ಔಷಧ ಕೂಡಿದರೆ ಗುಣ ಇಮ್ಮಡಿಯಾಗುವುದಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಬೀಳುವ ಪೆಟ್ಟು ಹೆಚ್ಚುತ್ತದೆ.

ಸಿರಪ್ಪಿನ ಗೊಂದಲ ಇನ್ನೂ ದೊಡ್ಡದು. ಇಬುಪ್ರೊಫೇನ್ ಮಾತ್ರ ಇರುವ ಬಾಟಲಿಯಲ್ಲಿ 5 ಮಿ.ಲೀ.ಗೆ 100 ಮಿ.ಗ್ರಾಂ. ಕೀಲುವಾತಕ್ಕೆ ಬೇಕಾಗುವ ಅಳತೆ ಕೆ.ಜಿ.ಗೆ ದಿನಕ್ಕೆ 30ರಿಂದ 40 ಮಿ.ಗ್ರಾಂ, 15 ಕೆ.ಜಿ. ಮಗುವಿಗೆ ಹೆಚ್ಚೆಂದರೆ 10 ಮಿ.ಲೀ. ಮೂರು ಹೊತ್ತು. ಆದರೆ ಅಂಗಡಿಯಲ್ಲಿ ಕೈಗೆ ಬೇಗ ಸಿಗುವುದು ಪ್ಯಾರಾಸಿಟಮಾಲ್ ಬೆರೆಸಿದ ಜೋಡಿ ಸಿರಪ್. ಅದರ 5 ಮಿ.ಲೀ.ನಲ್ಲಿ ಇಬುಪ್ರೊಫೇನ್ 100 ಜೊತೆಗೆ ಪ್ಯಾರಾಸಿಟಮಾಲ್ 162.5 ಮಿ.ಗ್ರಾಂ ಇರುತ್ತದೆ. ಅದನ್ನೇ 10 ಮಿ.ಲೀ. ಮೂರು ಹೊತ್ತು ಕುಡಿಸಿದರೆ ಪ್ಯಾರಾಸಿಟಮಾಲ್ 975 ಮಿ.ಗ್ರಾಂ ಆಯಿತು, ಅಂದರೆ ಕೆ.ಜಿ.ಗೆ 65. ಜ್ವರಕ್ಕೆಂದು ಒಂದೆರಡು ದಿನ ಕೊಡುವಾಗಲೇ 60 ದಾಟಬಾರದು ಎನ್ನುವ ಔಷಧವದು. ತಿಂಗಳುಗಟ್ಟಲೆ ಹೀಗೆ ಕೊಟ್ಟು, ನಡುವೆ ಜ್ವರ ಬಂದಾಗ ಪ್ಯಾರಾಸಿಟಮಾಲ್ ಬೇರೆ ಕುಡಿಸಿದರೆ ಯಕೃತ್ತಿನ ಗತಿ ಏನು? ದೀರ್ಘಕಾಲದ ಕೀಲುವಾತಕ್ಕೆ ಜೋಡಿ ಸಿರಪ್ ಬೇಡವೇ ಬೇಡ. ಅಳೆಯಲು ಅಡುಗೆಮನೆಯ ಚಮಚವೂ ಬೇಡ, ಬಾಟಲಿಯ ಜೊತೆ ಬರುವ ಗೆರೆಯ ಮುಚ್ಚಳವೋ ಸೂಜಿ ತೆಗೆದ ಸಿರಿಂಜೋ ಇರಲಿ. ನಿಮೆಸುಲೈಡ್ ಎಂಬ ಇನ್ನೊಂದು ನೋವಿನ ಔಷಧವನ್ನು 12 ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಮನೆಯಲ್ಲಿ ದೊಡ್ಡವರಿಗೆ ತಂದಿಟ್ಟ ಗುಳಿಗೆಯನ್ನು ತುಂಡು ಮಾಡಿ ಮಗುವಿಗೆ ಕೊಡುವಾಗ ಯಾರಿಗೂ ಅದು ನೆನಪಾಗುವುದಿಲ್ಲ.

ಈಗ ಮೂತ್ರಪಿಂಡದ ಮಾತು. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ತೆರೆದಿಡುವುದು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು. ಕೀಲಿನಲ್ಲಿ ಉರಿಯೂತ ಮಾಡುವುದೂ ಅದೇ, ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಅದೇ. ಗುಳಿಗೆಗೆ ಕೀಲು ಯಾವುದು, ಮೂತ್ರಪಿಂಡ ಯಾವುದು ಎಂಬ ಭೇದವಿಲ್ಲ, ಎಲ್ಲ ಕಡೆ ಅದನ್ನು ತಡೆಯುತ್ತದೆ. ನೀರು ಚೆನ್ನಾಗಿ ಕುಡಿದು ಆಡಿಕೊಂಡಿರುವ ಮಗುವಿಗೆ ಇದರಿಂದ ತೊಂದರೆ ಕಡಿಮೆ. ಆದರೆ ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ವಾಂತಿ ಭೇದಿಯಾಗಿ ಬಾಯಿ ಒಣಗಿದ ಮಗುವಿಗೆ ಅದೇ ಗುಳಿಗೆ ಕೊಟ್ಟರೆ ಆ ನಾಳಗಳು ಕುಗ್ಗಿ ಮೂತ್ರವೇ ನಿಲ್ಲಬಹುದು. ಆದ್ದರಿಂದ ವಾಂತಿ, ಭೇದಿ ಶುರುವಾದ ದಿನವೇ ಗುಳಿಗೆ ನಿಲ್ಲಿಸಿ, ಓಆರ್‌ಎಸ್ ಕುಡಿಸಿ. ಮಗು ಉಂಡು, ಕುಡಿದು, ಮೊದಲಿನಂತೆ ಮೂತ್ರ ಮಾಡತೊಡಗಿದ ಮೇಲೆ ಮತ್ತೆ ಶುರು ಮಾಡಿ. ಎರಡು ದಿನ ಗುಳಿಗೆ ತಪ್ಪಿದರೆ ಕೀಲು ಹಾಳಾಗುವುದಿಲ್ಲ. ಮಳೆಗಾಲದಲ್ಲಿ ಡೆಂಗಿ ಹಬ್ಬಿದಾಗಲೂ ಇದೇ ಮಾತು: ಹೊಸದಾಗಿ ಜ್ವರ ಬಂದರೆ ಇಬುಪ್ರೊಫೇನ್, ನ್ಯಾಪ್ರೊಕ್ಸೆನ್ ನಿಲ್ಲಿಸಿ, ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು ವೈದ್ಯರಿಗೆ ತೋರಿಸಬೇಕು. ಡೆಂಗಿಯಲ್ಲಿ ಇವು ರಕ್ತಸ್ರಾವದ ಭಯ ಹೆಚ್ಚಿಸುತ್ತವೆ.

ದಿನವೂ ಗುಳಿಗೆ ನುಂಗುವ ಮಗುವಿಗೆ ಶುರುವಿನಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೆ ಎರಡು ಸಲ ರಕ್ತಕಣಗಳ ಎಣಿಕೆ, ಯಕೃತ್ತಿನ ಕಿಣ್ವ, ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ರಕ್ತದಲ್ಲಿನ ಕಸ) ಮತ್ತು ಮೂತ್ರ ಪರೀಕ್ಷೆ ಆಗಬೇಕು. ಇಲ್ಲೊಂದು ಕಣ್ಣಿಗೆ ಬೀಳದ ಗುಂಡಿಯಿದೆ. ಪ್ರಯೋಗಾಲಯದ ವರದಿಯಲ್ಲಿ ಕ್ರಿಯಾಟಿನಿನ್ ಪಕ್ಕ 'ಸಾಮಾನ್ಯ: 0.6ರಿಂದ 1.2' ಎಂದು ಅಚ್ಚಾಗಿರುವುದು ದೊಡ್ಡವರ ಲೆಕ್ಕ. ಐದು ವರ್ಷದ ಮಗುವಿಗೆ ಇರಬೇಕಾದ್ದು ಸುಮಾರು 0.3ರಿಂದ 0.5. ಮಗುವಿನ ಎತ್ತರವನ್ನು ಸೆಂ.ಮೀ.ನಲ್ಲಿ ಅಳೆದು 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿದರೆ ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂಬ ಅಂದಾಜು ಸಿಗುತ್ತದೆ. 105 ಸೆಂ.ಮೀ. ಎತ್ತರದ ಮಗುವಿಗೆ ಕ್ರಿಯಾಟಿನಿನ್ 0.4 ಇದ್ದರೆ ಉತ್ತರ 108, ಚಿಂತೆಯಿಲ್ಲ. 0.9 ಇದ್ದರೆ 48. ಅರ್ಧಕ್ಕಿಂತ ಹೆಚ್ಚು ಶಕ್ತಿ ಕುಂದಿದೆ, ವರದಿ ಮಾತ್ರ 'ನಾರ್ಮಲ್' ಎನ್ನುತ್ತದೆ! ಪ್ರಯೋಗಾಲಯಗಳು ಮಕ್ಕಳ ಮಿತಿಯನ್ನು ಬೇರೆಯಾಗಿ ಅಚ್ಚು ಹಾಕಲು ಖರ್ಚೇನೂ ಇಲ್ಲ.

ಮನೆಯಲ್ಲಿ ಗಮನಿಸಬೇಕಾದವು ಕೆಲವೇ. ಬರಿ ಹೊಟ್ಟೆಯಲ್ಲಿ ಕೊಡಬೇಡಿ. ಬೆಳಿಗ್ಗೆ ಶಾಲೆಯ ಅವಸರದಲ್ಲಿ ರೊಟ್ಟಿ ತಿನ್ನುವ ಮೊದಲೇ ಗುಳಿಗೆ ನುಂಗಿಸುವುದೇ ಹೊಟ್ಟೆನೋವಿಗೆ ದೊಡ್ಡ ಕಾರಣ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಾಸನೆ ಹೊಡೆದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟುವುದಿಲ್ಲ. ನ್ಯಾಪ್ರೊಕ್ಸೆನ್ ನುಂಗುವ ಕೆಲವು ಮಕ್ಕಳಿಗೆ ಬಿಸಿಲು ಬಿದ್ದ ಮುಖದ ಮೇಲೆ ಸಣ್ಣ ಗುಳ್ಳೆಯೆದ್ದು ಕಲೆ ಉಳಿಯುತ್ತದೆ, ಆಗ ಔಷಧ ಬದಲಿಸಬೇಕು. ಉಬ್ಬಸವಿರುವ ಮಗುವಾದರೆ ವೈದ್ಯರಿಗೆ ಮೊದಲೇ ಹೇಳಿ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಈ ಗುಳಿಗೆ ಕೀಲಿನ ಸವೆತ ತಡೆಯುವುದಿಲ್ಲ. ಎರಡು ತಿಂಗಳು ಕೊಟ್ಟ ಮೇಲೂ ಬಾವು ಇದ್ದರೆ ಇದೊಂದನ್ನೇ ಮುಂದುವರಿಸುವುದು ಚಿಕಿತ್ಸೆಯಲ್ಲ, ಕಾಲಹರಣ. ಒಂದೆರಡು ಕೀಲಾದರೆ ಕೀಲಿನೊಳಗೇ ಸ್ಟಿರಾಯ್ಡ್ ಚುಚ್ಚುಮದ್ದು, ಹೆಚ್ಚು ಕೀಲಾದರೆ ಕಾಯಿಲೆಯನ್ನೇ ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಎಂಬ ಔಷಧ ಶುರುವಾಗಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನವೂ ಕೊಟ್ಟರೆ ಜೀವಕ್ಕೇ ಕುತ್ತು. ಚೀಟಿಯ ಮೇಲೆ 'ಸೋಮವಾರ ಮಾತ್ರ' ಎಂದು ಕನ್ನಡದಲ್ಲಿ ಬರೆಯಲು ವೈದ್ಯರು ಬೇಸರಿಸಬಾರದು. ಈ ಕಾಯಿಲೆಯಲ್ಲಿ ಕಣ್ಣು ಕೆಂಪಾಗದೆ, ನೋಯದೆ ಅದರೊಳಗೇ ಉರಿಯೂತ ಬೆಳೆಯುವುದೂ ಉಂಟು, ಹಾಗಾಗಿ ನಿಗದಿತವಾಗಿ ಕಣ್ಣಿನ ತಪಾಸಣೆ ತಪ್ಪಿಸಬೇಡಿ.

ಮೊದಲ ಚೀಟಿ ಬರೆಯುವಾಗಲೂ ಒಂದು ಎಚ್ಚರ ಬೇಕು. ನಮ್ಮ ಮೂರೂ ಜಿಲ್ಲೆಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರಿನಿಂದಲೂ ಮೊಣಕಾಲು, ಬೆನ್ನು ನೋಯುತ್ತವೆ. ಅಲ್ಲಿ ಕೀಲು ಬಾಯುವುದು, ಬೆಳಿಗ್ಗೆ ಎದ್ದಾಗ ತಾಸುಗಟ್ಟಲೆ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಇರುವುದಿಲ್ಲ. ಹಲ್ಲಿನ ಕಂದು ಕಲೆ ಸುಳಿವು ಕೊಡುತ್ತದೆ. ಆ ಮಕ್ಕಳಿಗೆ ಬೇಕಾದ್ದು ಬೇರೆ ನೀರು, ಗುಳಿಗೆಯಲ್ಲ. ಒಂದೇ ಕೀಲು ಬಹುದಿನ ಬಾತಿದ್ದರೆ ಕ್ಷಯವನ್ನೂ, ರಾತ್ರಿ ನಿದ್ದೆಗೆಡಿಸುವ ಎಲುಬುನೋವಿದ್ದರೆ ರಕ್ತದ ಕ್ಯಾನ್ಸರನ್ನೂ ಮೊದಲು ತಳ್ಳಿಹಾಕಬೇಕು. ಪರೀಕ್ಷೆಗೆ ಮುಂಚೆಯೇ ಸ್ಟಿರಾಯ್ಡ್ ಕೊಟ್ಟರೆ ಕ್ಯಾನ್ಸರ್ ಕೆಲವು ವಾರ ಮುಖ ಮರೆಸಿಕೊಳ್ಳುತ್ತದೆ. ಹೆಸರಿಲ್ಲದ 'ವಾತದ ಪುಡಿ'ಗಳಲ್ಲೂ ಸ್ಟಿರಾಯ್ಡ್ ಬೆರೆತಿರಬಹುದು. ಮಗುವಿನ ಮುಖ ಊದಿ, ಎತ್ತರ ಬೆಳೆಯುವುದು ನಿಂತರೆ ಪುಡಿಯ ಪೊಟ್ಟಣ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಆದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಆರೋಗ್ಯ ಇಲಾಖೆಗೆ ನಮ್ಮ ಬೇಡಿಕೆ ದೊಡ್ಡದಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ಕೀಲುವಾತಕ್ಕೆ ತಿಂಗಳಿಗೊಂದು ನಿಶ್ಚಿತ ದಿನ ಗೊತ್ತುಮಾಡಿ, ಅದನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಬರೆಸಲಿ. ಚೀಟಿಯಲ್ಲಿ ತೂಕ, ತಾರೀಖು, ಮುಂದಿನ ಪರೀಕ್ಷೆಯ ತಿಂಗಳು ಕಡ್ಡಾಯವಾಗಲಿ. ಈ ಗುಳಿಗೆಗಳನ್ನು ಚೀಟಿಯ ಮೇಲೆಯೇ ಮಾರಬೇಕೆಂಬ ಕಾನೂನು ಈಗಾಗಲೇ ಇದೆ. ಆರು ತಿಂಗಳು ದಾಟಿದ ಚೀಟಿ ಕಂಡರೆ ಅಂಗಡಿಯವರು 'ಕೂಸಿನ ತೂಕ ಮಾಡಿಸ್ಕೊಂಡು ಬರ್ರಿ' ಎಂದು ಹೇಳಿದರೂ ಅರ್ಧ ಕೆಲಸ ಆದಂತೆ. ಬೆಂಗಳೂರಿಗೆ ಗುಳೆ ಹೋಗುವವರು ಆಸ್ಪತ್ರೆಯ ಕಡತ ಊರಲ್ಲೇ ಬಿಟ್ಟು ಹೋಗುತ್ತಾರೆ. ಔಷಧದ ಹೆಸರು, ಅಳತೆ, ಕೊನೆಯ ಕ್ರಿಯಾಟಿನಿನ್ ಇರುವ ಒಂದು ಅಂಗೈಯಗಲದ ಕಾರ್ಡನ್ನು ಅವರ ಕೈಗೆ ಕೊಡಬೇಕು. ಔಷಧದಿಂದ ತೊಂದರೆಯಾದರೆ ಪಾಲಕರೇ 1800-180-3024ಕ್ಕೆ ಉಚಿತವಾಗಿ ಕರೆಮಾಡಿ ದೂರು ದಾಖಲಿಸಬಹುದು.

– ಕೆಲವು ಮಕ್ಕಳ ವೈದ್ಯರು ಮತ್ತು ಔಷಧಿಕಾರರು, ರಾಯಚೂರು